ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಯಾವ ತೊಂದರೆಯೊಡನೆ ಬಾಳಬಲ್ಲಿರಿ?

ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೊರಟವರು ಮೊದಲು ಕೇಳುವುದು ಜೀವಕ್ಕೆ ಅಪಾಯವಿದೆಯೇ ಎಂದು. ಸಹಜವಾದ ಪ್ರಶ್ನೆ. ಇಂದು ಅದಕ್ಕೆ ಬಹುಮಟ್ಟಿಗೆ ಸಮಾಧಾನಕರ ಉತ್ತರವೇ ಇದೆ. ಸಣ್ಣ ರಂಧ್ರಗಳ ಮೂಲಕ ಕೆಲಸ ಮುಗಿಸುವ ಲ್ಯಾಪರೊಸ್ಕೋಪಿ ಬಂದ ಮೇಲೆ, ಅನುಭವಿ ವೈದ್ಯರ ಕೈಯಲ್ಲಿ ಮೊದಲ 30 ದಿನಗಳೊಳಗೆ ಸಾವು ಸಂಭವಿಸುವುದು ಸಾವಿರಕ್ಕೆ ಒಂದೆರಡು ಪ್ರಕರಣಗಳಲ್ಲಿ. ಪಿತ್ತಕೋಶ ತೆಗೆಸಿಕೊಳ್ಳುವಾಗಿನ ಅಪಾಯಕ್ಕಿಂತ ಬಹಳ ಹೆಚ್ಚೇನೂ ಅಲ್ಲ. ಆದರೆ ಆರು ತಿಂಗಳಿಗೋ ಐದು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ತಲೆ ಎತ್ತುವ ತೊಂದರೆಗಳ ಬಗ್ಗೆ ಕೇಳುವವರು ಕಡಿಮೆ. ಒಂದು ವಿಧಾನ ಇನ್ನೊಂದಕ್ಕಿಂತ ಬೇರೆಯಾಗುವುದು ಅಲ್ಲಿಯೇ.

ಗ್ಯಾಸ್ಟ್ರಿಕ್ ಬ್ಯಾಂಡಿನ ಕಥೆಯನ್ನೇ ನೋಡಿ. ಜಠರದ ಮೇಲ್ತುದಿಗೆ ಸಿಲಿಕೋನ್ ಪಟ್ಟಿಯೊಂದನ್ನು ಸುತ್ತುತ್ತಾರೆ. ಪಟ್ಟಿಯ ಒಳಮೈಯಲ್ಲಿ ಬಲೂನು ಇರುತ್ತದೆ. ಚರ್ಮದಡಿಯಲ್ಲಿ ಹುದುಗಿಸಿದ ಪೋರ್ಟಿಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಅದು ಬಿಗಿಯಾಗುತ್ತದೆ, ಹೊರತೆಗೆದರೆ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದಿಲ್ಲ, ಬೇಡವಾದರೆ ಪಟ್ಟಿಯನ್ನೇ ತೆಗೆದುಬಿಡಬಹುದು. 2001ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ನೀಡಿದ ಮೇಲೆ ಕೆಲವು ಕಾಲ ಅದರದೇ ಭರಾಟೆ. ಶಸ್ತ್ರಚಿಕಿತ್ಸೆಯ ದಿನದ ಮಟ್ಟಿಗೆ ಅದರಷ್ಟು ಸುರಕ್ಷಿತವಾದದ್ದು ಬೇರೊಂದಿರಲಿಲ್ಲ. ವರ್ಷಗಳು ಕಳೆದಂತೆ ಕೆಲವರಲ್ಲಿ ಪಟ್ಟಿ ಜಾರಿತು, ಅದರ ಮೇಲಿನ ಚೀಲ ಹಿಗ್ಗಿತು, ಪೋರ್ಟಿಗೆ ಜೋಡಿಸಿದ ಕೊಳವೆ ಸೋರಿತು. ಇನ್ನು ಕೆಲವರಲ್ಲಿ ಪಟ್ಟಿ ಜಠರದ ಗೋಡೆಯನ್ನೇ ಕೊರೆದು ಒಳಗಿಳಿಯಿತು. ಗಟ್ಟಿ ಆಹಾರ ಸಿಕ್ಕಿಕೊಂಡು ವಾಂತಿಯಾಗುತ್ತಿದ್ದವರು ಸಲೀಸಾಗಿ ಇಳಿಯುವ ಐಸ್‌ಕ್ರೀಮಿನಂಥ ಸಿಹಿಗೆ ಒಗ್ಗಿಕೊಂಡರು, ತೂಕ ಇಳಿಯುವುದು ನಿಂತಿತು. ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಬಹಳಷ್ಟು ಮಂದಿ ಅದನ್ನು ತೆಗೆಸಲು ಅಥವಾ ಸರಿಪಡಿಸಲು ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಈಗ ಅದನ್ನು ಹಾಕುವ ವೈದ್ಯರೇ ಅಪರೂಪ.

ಇಂದು ಜಗತ್ತಿನಲ್ಲಿ ಅತಿ ಹೆಚ್ಚಾಗಿ ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದು ಸ್ವತಂತ್ರ ಚಿಕಿತ್ಸೆಯಾಗಿ ಹುಟ್ಟಿದ್ದಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯನ್ನು ಒಂದೇ ಸಲಕ್ಕೆ ತಾಳಿಕೊಳ್ಳಲಾರದ ರೋಗಿಗಳಿಗೆ ಮೊದಲ ಹಂತವಾಗಿ ಮಾಡುತ್ತಿದ್ದರು. ಹಲವರಿಗೆ ಎರಡನೆಯ ಹಂತ ಬೇಕಾಗಲೇ ಇಲ್ಲ. ಜಠರದ ಶೇ 75ರಿಂದ 80ರಷ್ಟು ಭಾಗವನ್ನು ಸ್ಟೇಪ್ಲರ್‌ನಿಂದ ಕತ್ತರಿಸಿ ತೆಗೆದು, ಉದ್ದನೆಯ ಕಿರುಕೊಳವೆಯೊಂದನ್ನು ಉಳಿಸುತ್ತಾರೆ. ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಸ್ರವಿಸುವ ಭಾಗವೂ ಅದರೊಂದಿಗೆ ಹೋಗುತ್ತದೆ. ಕರುಳಿಗೆ ಕೈ ಹಚ್ಚುವುದಿಲ್ಲವಾದ್ದರಿಂದ ಪೋಷಕಾಂಶಗಳ ಕೊರತೆಯೂ, ಅನ್ನ ಕರುಳಿನ ಒಂದು ಭಾಗವನ್ನು ತಪ್ಪಿಸಿ ಹೋಗುವಂತೆ ಮಾಡುವ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಆಗುವಷ್ಟು ಆಗುವುದಿಲ್ಲ.

ಇದರ ಕೇಡು ಆ ಕೊಳವೆಯ ಆಕಾರದಲ್ಲಿಯೇ ಅಡಗಿದೆ. ಹಿಗ್ಗುವ ಚೀಲವಾಗಿದ್ದ ಜಠರ ಕೊಳವೆಯಾದಾಗ ಒಳಗಿನ ಒತ್ತಡ ಏರುತ್ತದೆ. ಅನ್ನನಾಳ ಜಠರವನ್ನು ಸೇರುವ ಕಡೆ ಇದ್ದ ಓರೆ ತಿರುವು ಹಿಂದಿನಂತೆ ಉಳಿಯುವುದಿಲ್ಲ. ಆಮ್ಲ ಮೇಲಕ್ಕೆ ನುಗ್ಗದಂತೆ ತಡೆಯುವಲ್ಲಿ ಆ ತಿರುವಿಗೂ ಪಾಲಿತ್ತು. ಪರಿಣಾಮ ಎದೆಯುರಿ, ಹುಳಿತೇಗು, ರಾತ್ರಿ ಮಲಗಿದಾಗ ಗಂಟಲಿಗೇರುವ ಆಮ್ಲ. ಸ್ವಿಟ್ಜರ್ಲೆಂಡಿನಲ್ಲಿ ಸ್ಲೀವ್ ಮತ್ತು ಬೈಪಾಸ್‌ಗಳನ್ನು ಹೋಲಿಸಿದ ಎಸ್‌ಎಂ-ಬಾಸ್ ಅಧ್ಯಯನದ ಐದು ವರ್ಷಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮೊದಲೇ ಆಮ್ಲದ ತೊಂದರೆ ಇದ್ದವರ ಪೈಕಿ, ಸ್ಲೀವ್ ಆದವರಲ್ಲಿ ಶೇ 31.8ರಷ್ಟು ಮಂದಿಗೆ ಅದು ಉಲ್ಬಣಿಸಿತ್ತು. ಬೈಪಾಸ್ ಆದವರಲ್ಲಿ ಹಾಗಾದದ್ದು ಶೇ 6.3ರಷ್ಟು ಮಂದಿಗೆ. ದೀರ್ಘಕಾಲ ಆಮ್ಲ ತಾಗಿದ ಅನ್ನನಾಳದ ಒಳಪದರ ಬದಲಾಗುವ ಬ್ಯಾರೆಟ್ಸ್ ಎಂಬ ಸ್ಥಿತಿ, ಮುಂದೆ ಕ್ಯಾನ್ಸರಿಗೆ ದಾರಿಯಾಗಬಲ್ಲದು. ಇನ್ನು ಸ್ಟೇಪಲ್ ಹಾಕಿದ ಗೆರೆ ಸೋರುವ ಭಯವೂ ಇದೆ. ಅದು ಸಾಮಾನ್ಯವಾಗಿ ಕೊಳವೆಯ ಮೇಲ್ತುದಿಯಲ್ಲಿ ಸೋರುತ್ತದೆ, ಒಳಗಿನ ಒತ್ತಡದಿಂದಾಗಿ ಬೇಗ ಮಾಯುವುದಿಲ್ಲ. ಅಪರೂಪವೆಂಬುದು ನಿಜ, ಆದವರಿಗೆ ಮಾತ್ರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಸ್ಪತ್ರೆ ತಪ್ಪದು. ಮೊದಲಿನಿಂದಲೂ ಎದೆಯುರಿಯಿಂದ ನರಳುವವರು ಸರಳ ಎಂಬ ಒಂದೇ ಕಾರಣಕ್ಕೆ ಸ್ಲೀವ್‌ಗೆ ಒಪ್ಪಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ತೆಗೆದ ಜಠರ ಮರಳಿ ಬರುವುದಿಲ್ಲ.

ಅಂಥವರಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುವ ಗ್ಯಾಸ್ಟ್ರಿಕ್ ಬೈಪಾಸ್ 1960ರ ದಶಕದ್ದು. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡ ರೋಗಿಗಳ ತೂಕ ಇಳಿಯುವುದನ್ನು ಗಮನಿಸಿದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಇದನ್ನು ರೂಪಿಸಿದರು. ಈಗಿನ ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚೀಲವನ್ನಷ್ಟೇ ಉಳಿಸಿಕೊಂಡು ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರ, ಅದರ ಮುಂದಿನ ಡ್ಯುಯೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ಎರಡೂ ದೇಹದಲ್ಲಿಯೇ ಇರುತ್ತವೆ, ಅನ್ನ ಮಾತ್ರ ಅತ್ತ ಸುಳಿಯುವುದಿಲ್ಲ. ಮಧುಮೇಹಕ್ಕೆ, ಆಮ್ಲದ ತೊಂದರೆಗೆ ಇದು ಒಳ್ಳೆಯದು.

ತೊಂದರೆಗಳ ಪಟ್ಟಿ ಮಾತ್ರ ಸ್ಲೀವ್‌ನದಕ್ಕಿಂತ ಉದ್ದ. ಬೈಪಾಸ್ ಆದವರು ಒಂದು ಲೋಟ ಸಿಹಿ ಪಾನೀಯ ಕುಡಿದರೆಂದುಕೊಳ್ಳಿ. ಜಠರದಲ್ಲಿ ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಕೆಳಗೆ ಬಿಡುವ ದ್ವಾರ ಈಗ ದಾರಿಯಲ್ಲಿಲ್ಲ. ಸಕ್ಕರೆ ಒಮ್ಮೆಗೇ ಕರುಳಿಗೆ ಸುರಿದು, ರಕ್ತದಲ್ಲಿನ ನೀರನ್ನು ಕರುಳಿನೊಳಕ್ಕೆ ಸೆಳೆಯುತ್ತದೆ. ಅರ್ಧ ಗಂಟೆಯೊಳಗೆ ಎದೆ ಡವಗುಟ್ಟುತ್ತದೆ, ಬೆವರು ಕಿತ್ತುಬರುತ್ತದೆ, ಹೊಟ್ಟೆ ನುಲಿದು ಭೇದಿಯಾಗುತ್ತದೆ. ಡಂಪಿಂಗ್ ಎಂದು ಕರೆಯುವ ಈ ಸ್ಥಿತಿ ಕೆಲವರಿಗೆ ಸಿಹಿಯಿಂದ ದೂರವಿರಲು ನೆರವಾಗುತ್ತದೆ ಎಂದು ಹೊಗಳುವವರೂ ಇದ್ದಾರೆ. ಅದರ ಇನ್ನೊಂದು ರೂಪವನ್ನು ಯಾರೂ ಹೊಗಳಲಾರರು. ಉಂಡು ಒಂದರಿಂದ ಮೂರು ಗಂಟೆಯೊಳಗೆ, ಅತಿಯಾಗಿ ಸ್ರವಿಸಿದ ಇನ್ಸುಲಿನ್‌ನಿಂದ ರಕ್ತದ ಸಕ್ಕರೆ ಕುಸಿದು, ಕೈನಡುಕ, ಗೊಂದಲ, ಕೆಲವೊಮ್ಮೆ ಮೂರ್ಛೆಯೇ ಬರಬಹುದು.

ಮದ್ಯವೂ ಹಾಗೆಯೇ ರಕ್ತಕ್ಕೆ ಬೇಗನೆ, ಹೆಚ್ಚಿನ ಮಟ್ಟದಲ್ಲಿ ಏರುತ್ತದೆ. ಬೈಪಾಸ್ ಆದ ಬಳಿಕ, ವಿಶೇಷವಾಗಿ ಎರಡನೆಯ ವರ್ಷದಿಂದ, ಕುಡಿತದ ಚಟಕ್ಕೆ ಬೀಳುವವರ ಪ್ರಮಾಣ ಹೆಚ್ಚುವುದನ್ನು ಅಧ್ಯಯನಗಳು ಕಂಡಿವೆ. ಚೀಲ ಮತ್ತು ಕರುಳಿನ ಜೋಡಣೆಯ ಕಡೆ ಹುಣ್ಣಾಗಬಹುದು; ಧೂಮಪಾನಿಗಳಿಗೂ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುವವರಿಗೂ ಈ ಅಪಾಯ ಹೆಚ್ಚು. ಕೀಲುನೋವಿಗೆ ದಿನಾ ಮಾತ್ರೆ ಬೇಕಾದವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇನ್ನೊಂದು, ಕರುಳನ್ನು ಹೊಸ ದಾರಿಗೆ ಎಳೆದು ಜೋಡಿಸಿದಾಗ ಅದರ ಪೊರೆಗಳ ನಡುವೆ ಸಂದುಗಳು ಉಳಿಯುತ್ತವೆ. ತೂಕ ಇಳಿದು ಒಳಗಿನ ಕೊಬ್ಬು ಕರಗಿದಂತೆ ಸಂದು ಅಗಲವಾಗಿ, ಹೊಲಿಗೆ ಬಿಟ್ಟ ಜೇಬಿನೊಳಗೆ ಬೆರಳು ತೂರುವಂತೆ ಕರುಳಿನ ಸುರುಳಿ ಅದರೊಳಗೆ ತೂರಿ ಸಿಕ್ಕಿಕೊಳ್ಳಬಹುದು. ವರ್ಷಗಳ ನಂತರ ಒಮ್ಮಿಂದೊಮ್ಮೆಗೆ ಬರುವ ತೀವ್ರ ಹೊಟ್ಟೆನೋವನ್ನು ಗ್ಯಾಸ್ ಎಂದುಕೊಂಡು ಕೂರುವಂತಿಲ್ಲ.

ಪೋಷಕಾಂಶಗಳದು ಸದ್ದಿಲ್ಲದ ಸಮಸ್ಯೆ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಚೆನ್ನಾಗಿ ಹೀರಲ್ಪಡುವ ಕರುಳಿನ ಭಾಗವನ್ನೇ ಅನ್ನ ತಪ್ಪಿಸಿ ಹೋಗುತ್ತದೆ. ವಿಟಮಿನ್ ಬಿ12 ಹೀರಲು ಬೇಕಾದ ಜಠರದ ಸ್ರಾವವೂ ಅನ್ನದೊಡನೆ ಸರಿಯಾಗಿ ಬೆರೆಯುವುದಿಲ್ಲ. ಯಕೃತ್ತಿನಲ್ಲಿ ಬಿ12ರ ದಾಸ್ತಾನು ವರ್ಷಗಟ್ಟಲೆ ಬಾಳುವುದರಿಂದ ಮೊದಲ ವರ್ಷದ ರಕ್ತಪರೀಕ್ಷೆ ಚೆನ್ನಾಗಿಯೇ ಬರುತ್ತದೆ. ಅದನ್ನು ನಂಬಿ ಮಾತ್ರೆ ಬಿಟ್ಟವರಿಗೆ ಮುಂದೆಂದೋ ಕಾಲು ಜೋಮು ಹಿಡಿಯಲಾರಂಭಿಸುತ್ತದೆ.

ಬೈಪಾಸ್‌ನದೇ ಸರಳ ರೂಪವಾದ ಒಂದೇ ಜೋಡಣೆಯ ಮಿನಿ ಬೈಪಾಸ್‌ನಲ್ಲಿ ಪಿತ್ತರಸ ಚೀಲದೊಳಕ್ಕೆ ಹಿಮ್ಮರಳುವ ಕಾಟವಿದೆ. ತೂಕ ಇಳಿಸುವುದರಲ್ಲಿಯೂ ತೊಂದರೆ ಕೊಡುವುದರಲ್ಲಿಯೂ ಮುಂದಿರುವುದು ಡ್ಯುಯೊಡಿನಲ್ ಸ್ವಿಚ್. ಅನ್ನವೂ ಜೀರ್ಣರಸವೂ ಕೂಡುವ ಕರುಳಿನ ಉದ್ದವನ್ನು ಇಲ್ಲಿ ಸುಮಾರು ಒಂದು ಮೀಟರಿಗೆ ಇಳಿಸುತ್ತಾರೆ. ಹೀರದೆ ಉಳಿದ ಜಿಡ್ಡು ದುರ್ನಾತದ ಭೇದಿಯಾಗುತ್ತದೆ. ಅದರೊಡನೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೋಗುತ್ತವೆ. ಇರುಳುಗುರುಡು, ಮೂಳೆ ಸವೆತ, ಪ್ರೋಟೀನ್ ಕೊರತೆಯಿಂದ ಮೈ ಊದುವುದು, ಎಲ್ಲಕ್ಕೂ ಆಸ್ಪದವಿದೆ. 1950ರ ದಶಕದಲ್ಲಿ ಶುರುವಾದ, ಅನ್ನ ಕರುಳಿನ ಬಹುಭಾಗವನ್ನು ತಪ್ಪಿಸಿ ಹೋಗುವಂತೆ ಮಾಡುವ ಹಳೆಯ ಶಸ್ತ್ರಚಿಕಿತ್ಸೆಯೊಂದು ಯಕೃತ್ತು ಕೆಡಿಸಿ, ಮೂತ್ರಪಿಂಡದಲ್ಲಿ ಕಲ್ಲು ಬೆಳೆಸಿ ಕೊನೆಗೆ ಕೈಬಿಡಬೇಕಾಗಿ ಬಂದದ್ದನ್ನು ವೈದ್ಯರು ಮರೆತಿಲ್ಲ.

ತೂಕ ವೇಗವಾಗಿ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು, ಕೂದಲು ಉದುರುವುದು, ಜೋತುಬೀಳುವ ಚರ್ಮ ಯಾವ ವಿಧಾನದಲ್ಲಾದರೂ ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ತೂಕದ ಒಂದು ಭಾಗ ಮರಳುವುದೂ ಉಂಟು. ತಡೆಯಿಲ್ಲದ ವಾಂತಿ ವಾರಗಟ್ಟಲೆ ನಿಲ್ಲದಿದ್ದರೆ ಥಯಮಿನ್ (ವಿಟಮಿನ್ ಬಿ1) ಕೊರತೆಯಿಂದ ಮಿದುಳಿಗೇ ಹಾನಿಯಾಗಬಹುದು. ಇದಕ್ಕೆ ಕಾಯುವಂತಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಏನೂ ಮಾಡಿಸಿಕೊಳ್ಳದಿರುವುದೇ ಲೇಸೆಂದು ಅನಿಸಬಹುದು. ಅದಕ್ಕೂ ಅದರದೇ ನಷ್ಟವಿದೆ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ದಶಕಗಳ ಕಾಲ ಹಿಂಬಾಲಿಸಿದ ಎಸ್‌ಒಎಸ್ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ ಆದವರ ಆಯುಷ್ಯ ಆಗದವರಿಗಿಂತ ಮೂರು ವರ್ಷ ಹೆಚ್ಚಿತ್ತು. ಸಾಮಾನ್ಯ ಜನರ ಆಯುಷ್ಯಕ್ಕೆ ಹೋಲಿಸಿದರೆ ಆಗಲೂ ಐದೂವರೆ ವರ್ಷ ಕಡಿಮೆ. ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಹೊಸ ಔಷಧಗಳನ್ನು ಒಗ್ಗದಿದ್ದರೆ ನಿಲ್ಲಿಸಬಹುದು. ನಿಲ್ಲಿಸಿದರೆ ತೂಕವೂ ಬಹುಮಟ್ಟಿಗೆ ಮರಳುತ್ತದೆ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ನಮ್ಮನಮ್ಮ ದೇಹಕ್ಕೆ, ಬದುಕಿಗೆ ಸಂಬಂಧಿಸಿದವು. ಎದೆಯುರಿ ಇದೆಯೇ? ನೋವಿನ ಮಾತ್ರೆ, ಸಿಗರೇಟು ಬಿಡಲಾಗುವುದೇ? ಕುಡಿತ ಹತೋಟಿಯಲ್ಲಿದೆಯೇ? ಮಗು ಬೇಕೆಂದಿದ್ದರೆ ಒಂದರಿಂದ ಒಂದೂವರೆ ವರ್ಷ ಮುಂದೂಡಲು ಆಗುತ್ತದೆಯೇ? ಸ್ಲೀವ್ ಕೈಕೊಟ್ಟರೆ ಅದನ್ನು ಮುಂದೆ ಬೈಪಾಸ್ ಆಗಿ ಬದಲಿಸಬಹುದು; ಸ್ವಿಚ್ ಆದ ಮೇಲೆ ಅಂಥ ಆಯ್ಕೆಗಳು ಕಡಿಮೆ. ದಿನಕ್ಕೊಂದು ಮಾತ್ರೆಯನ್ನೂ ನೆನಪಿಟ್ಟು ನುಂಗಲಾರದವರಿಗೆ, ವರ್ಷಕ್ಕೊಮ್ಮೆ ರಕ್ತ ಕೊಡಲೂ ಪುರುಸೊತ್ತಿಲ್ಲದವರಿಗೆ, ಸ್ವಿಚ್ ಎಷ್ಟೇ ತೂಕ ಇಳಿಸಲಿ, ತಕ್ಕದ್ದಲ್ಲ.