ಮಾಸ್ಕ್ ತಪ್ಪು ಮುಖದ ಮೇಲಿತ್ತು

ಕ್ಷಯದ ಔಷಧ ಶುರುವಾಗಿ ನಾಲ್ಕೇ ದಿನವಾಗಿದ್ದ ರೋಗಿಯೊಬ್ಬರು ಕಳೆದ ವಾರ ಬಂದಿದ್ದರು. ಮುಖದ ಮೇಲೆ ದುಬಾರಿ ಎನ್-95 ಮಾಸ್ಕ್, ಅದಕ್ಕೊಂದು ಪ್ಲಾಸ್ಟಿಕ್ ಬಿಲ್ಲೆ. ಪಕ್ಕದಲ್ಲಿ ಹೆಂಡತಿ ಸೆರಗನ್ನೇ ಮೂಗಿಗೆ ಒತ್ತಿಕೊಂಡು ಕೂತಿದ್ದರು. "ಇವರಿಗೆ ಇರುವುದರಲ್ಲೇ ಒಳ್ಳೆಯದನ್ನು ಕೊಡಿಸಿದ್ದೇನೆ ಡಾಕ್ಟರೇ" ಎಂದರು.

ಆ ಬಿಲ್ಲೆಯೇ ಕವಾಟ. ಉಸಿರೆಳೆದಾಗ ಮುಚ್ಚಿಕೊಳ್ಳುತ್ತದೆ, ಬಿಟ್ಟಾಗ ತೆರೆದುಕೊಳ್ಳುತ್ತದೆ. ದೂಳಿನಲ್ಲಿ ದುಡಿಯುವವರಿಗೆ ಸೆಕೆಯಾಗದಿರಲೆಂದು ಮಾಡಿದ ಏರ್ಪಾಡು. ಒಳಬರುವ ಗಾಳಿ ಸೋಸಿ ಬರುತ್ತದೆ, ಹೊರಹೋಗುವ ಉಸಿರು ಹಾಗೆಯೇ ಹೋಗುತ್ತದೆ. ಕೊರೊನಾ ಕಾಲದಲ್ಲಿ, 2020ರ ಜುಲೈನಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯ ಕವಾಟದ ಮಾಸ್ಕ್ ಬೇಡವೆಂದದ್ದು ಇದೇ ಕಾರಣಕ್ಕೆ. ಅದೇ ಮಾಸ್ಕ್ ಹೆಂಡತಿಯ ಮುಖದ ಮೇಲಿದ್ದಿದ್ದರೆ ಅವರಿಗಾದರೂ ರಕ್ಷಣೆ ಸಿಗುತ್ತಿತ್ತು.

ಕೆಮ್ಮಿನ ಹನಿ ಬಾಯಿಂದ ಹೊರಟಾಗ ಒದ್ದೆಯಾಗಿ, ದಪ್ಪಗಿರುತ್ತದೆ. ಅಲ್ಲೇ ಅಡ್ಡ ಹಾಕಲು ಸಾಧಾರಣ ಸರ್ಜಿಕಲ್ ಮಾಸ್ಕ್ ಸಾಕು. ತಪ್ಪಿಸಿಕೊಂಡ ಹನಿ ಕ್ಷಣದಲ್ಲಿ ಒಣಗಿ, ಸೂಕ್ಷ್ಮ ಕಣವಾಗಿ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಅಂಥ ಕಣಕ್ಕೆ ಎದುರಿನವರ ಸಡಿಲ ಮಾಸ್ಕಿನ ಕೆನ್ನೆಯ ಸಂದಿಯೇ ಹೆಬ್ಬಾಗಿಲು. ಅದಕ್ಕೇ ಕೆಮ್ಮುವವರಿಗೆ ಸರ್ಜಿಕಲ್ ಮಾಸ್ಕ್, ಆರೈಕೆ ಮಾಡುವವರಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95. ಅದನ್ನು ಸೋಪು ಹಾಕಿ ಒಗೆದು ಒಣಹಾಕುವವರನ್ನೂ ನೋಡಿದ್ದೇನೆ. ಕಣಗಳನ್ನು ಸೆಳೆದು ಹಿಡಿಯುವುದು ಅದರ ಎಳೆಗಳಲ್ಲಿರುವ ವಿದ್ಯುದಂಶ. ಒಗೆತಕ್ಕೆ ಅದು ಉಳಿಯುವುದಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಪ್ರಯೋಗವೊಂದು ನನಗೆ ಬಹಳ ಇಷ್ಟ. ಔಷಧಕ್ಕೆ ಬಗ್ಗದ ಕ್ಷಯದ ರೋಗಿಗಳು ದಿನ ಬಿಟ್ಟು ದಿನ ಸರ್ಜಿಕಲ್ ಮಾಸ್ಕ್ ಹಾಕಿದರು. ಮಾಸ್ಕ್ ಹಾಕಿದ ದಿನದ ವಾರ್ಡಿನ ಗಾಳಿಯನ್ನು 90 ಗಿನಿಯಿಲಿಗಳಿಗೆ, ಹಾಕದ ದಿನದ್ದನ್ನು ಬೇರೆ 90 ಗಿನಿಯಿಲಿಗಳಿಗೆ ಹಾಯಿಸಿದರು. ಮೊದಲ ಗುಂಪಿನಲ್ಲಿ 36ಕ್ಕೆ ಸೋಂಕು, ಎರಡನೆಯದರಲ್ಲಿ 69ಕ್ಕೆ. ಗಿನಿಯಿಲಿಗಳಿಗೆ ಮಾಸ್ಕ್ ಇರಲಿಲ್ಲ ಎನ್ನುವುದನ್ನು ಗಮನಿಸಿ. ಹಾಗೆಂದು ಆ 36ನ್ನೂ ಮರೆಯುವಂತಿಲ್ಲ. ಉಳಿದ ಕೆಲಸವನ್ನು ಬೀಸುವ ಗಾಳಿ ಮಾಡಬೇಕು.

ರೋಗಿಯ ಮಾಸ್ಕ್ ಬದಲಿಸಿ, ಹೆಂಡತಿಗೆ ಹೊಸ ಎನ್-95 ಕೊಟ್ಟು, ಮೂಗಿನ ಮೇಲಿನ ಪಟ್ಟಿ ಒತ್ತಿಕೊಳ್ಳುವುದನ್ನು ತೋರಿಸಿದೆ. ಮಲಗುವ ಕೋಣೆಯ ಕಿಟಕಿಯ ಬಗ್ಗೆ ಕೇಳಿದೆ.

"ಥಂಡಿಗೆ ಕೆಮ್ಮು ಜಾಸ್ತಿಯಾಗುತ್ತದೆಂದು ಎರಡು ತಿಂಗಳಿಂದ ಮುಚ್ಚಿಯೇ ಇಟ್ಟಿದ್ದೇವೆ" ಎಂದರು.

ಹೆಂಡತಿಗೂ ಒಂದು ಎದೆಯ ಎಕ್ಸ್‌ರೇ ಬರೆದುಕೊಟ್ಟೆ.