ಬೆರಳು ಮಡಚದ ಹುಡುಗನ ಲೆಕ್ಕ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರದ ಒಂದು ಮನೆಗೆ ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಹುಟ್ಟಿದಾಗಿನಿಂದ ಕಣ್ಣು ಕಾಣದ, ಐದನೇ ಕ್ಲಾಸಿನ ಹುಡುಗನಿಗೆ ಪಾಠ ಹೇಳಲು. ಮೊದಲ ದಿನ ಅವರಪ್ಪ ಹೇಳಿದ್ದು ಇಷ್ಟೇ: "ಬ್ರೈಲ್ ಕಲಿಸ್ರಿ ಮೇಡಂ, ಸಾಕು. ಬೋರ್ಡೇ ಕಾಣಲ್ಲ, ಇವನಿಗೆ ಲೆಕ್ಕ ಎಲ್ಲಿಂದ ಬರ್ಬೇಕು?"

ಶಾಲೆಯಲ್ಲೂ ಅದೇ ರಾಗ. ಹೇಗೂ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಬದಲು ಬೇರೆ ವಿಷಯ ತಗೋಬಹುದಲ್ವಾ, ಈಗಿಂದ್ಲೇ ಯಾಕೆ ತಲೆಬಿಸಿ ಅಂತ. ಕೂಡೋದು ಕಳೆಯೋದೂ ಬರಲ್ಲ ಅಂದಿದ್ದರು.

ನಾನೂ ನಂಬಿದೆ. ಅವನ ಬೆರಳು ಹಿಡಿದು ಒಂದೊಂದೇ ಮಡಚಿಸುತ್ತಾ ಎಣಿಸಲು ಹಚ್ಚಿದೆ. ಎರಡು ವಾರ ಅವನು ಸುಮ್ನೆ ಕೈ ಕೊಟ್ಟು ಕೂತ. ಪಾಪ, ನನ್ನ ಸಮಾಧಾನಕ್ಕೆ. ಒಂದಿನ ಹೊರಗೆ ಅವರಪ್ಪ ಗಿರಾಕಿಗೆ ಲೆಕ್ಕ ಹೇಳುತ್ತಾ ತಡವರಿಸಿದರು. 12 ಚೀಲ, ಚೀಲಕ್ಕೆ 285 ರೂಪಾಯಿ. ಹುಡುಗ ಒಳಗಿಂದಲೇ ಕೂಗಿದ: "3420, ಅಪ್ಪಾ." ಹೆಂಗೋ ಅಂದೆ. "300 ಅಂತ ಹಿಡಿದ್ರೆ 3600. ಚೀಲಕ್ಕೆ 15 ಜಾಸ್ತಿ ಹಿಡಿದಿದ್ದೆ. ಅದು 180, ತೆಗೆದೆ." ಬೆರಳು ಅಲ್ಲಾಡಲೇ ಇಲ್ಲ.

ಆಮೇಲೆ ಓದಿದಾಗ ಗೊತ್ತಾಯಿತು, ಕಣ್ಣು ಕಾಣದ ಮಕ್ಕಳು ಬೆರಳೆಣಿಕೆ ಬಳಸುವುದೇ ಕಡಿಮೆ.

ಹಾಗಾದರೆ ಲೆಕ್ಕ ನಡೆಯುವುದೆಲ್ಲಿ? ನೆತ್ತಿಯಿಂದ ಸ್ವಲ್ಪ ಹಿಂದೆ, ಮೆದುಳಿನ ಎರಡೂ ಕಡೆ ಒಂದೊಂದು ಮಡಿಕೆಯ ಸಂದು ಇದೆ. ಇಂಟ್ರಾಪರೈಟಲ್ ಸಲ್ಕಸ್ ಅಂತ ಹೆಸರು. ನಾವು ಎಷ್ಟು, ಹೆಚ್ಚೋ ಕಡಿಮೆಯೋ ಅಂತ ಯೋಚಿಸಿದಾಗ ಅದು ಚುರುಕಾಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಟ್ಟಿನಿಂದ ಕಣ್ಣು ಕಾಣದ 17 ಜನರಿದ್ದರು. ಕಣ್ಣಿದ್ದವರಿಗೂ ಪಟ್ಟಿ ಕಟ್ಟಿ, ಎಲ್ಲರನ್ನೂ ಸ್ಕ್ಯಾನರಿನಲ್ಲಿ ಮಲಗಿಸಿ, ಕಿವಿಗೆ ಲೆಕ್ಕ ಕೇಳಿಸಿದರು. ಆ ಸಂದು ಎರಡೂ ಗುಂಪಿನವರಲ್ಲಿ ಒಂದೇ ಥರ ಕೆಲಸ ಮಾಡಿತು. ಅಂದರೆ ಸಂಖ್ಯೆಯ ಅರಿವಿಗೆ ಕಣ್ಣೇ ಬೇಕು ಅಂತಿಲ್ಲ.

ಇನ್ನೊಂದು ಸಂಗತಿ ನನಗೆ ಜಾಸ್ತಿ ಹಿಡಿಸಿತು. ನೋಟಕ್ಕೆಂದೇ ಮೀಸಲಾದ ಹಿಂದಲೆಯ ಭಾಗ ಕಣ್ಣು ಕಾಣದವರಲ್ಲಿ ಖಾಲಿ ಕೂತಿರಲಿಲ್ಲ. ಅದೂ ಲೆಕ್ಕಕ್ಕೆ ಇಳಿದಿತ್ತು, ಲೆಕ್ಕ ಕಷ್ಟವಾದಷ್ಟೂ ಹೆಚ್ಚು ದುಡಿದಿತ್ತು. ದೊಡ್ಡವರಾದ ಮೇಲೆ ದೃಷ್ಟಿ ಹೋದವರಲ್ಲಿ ಈ ಬದಲಾವಣೆ ಇಷ್ಟು ಎದ್ದು ಕಾಣುವುದಿಲ್ಲ. ಹಾಗಂತ ಕಣ್ಣು ಕಾಣದವರೆಲ್ಲ ಲೆಕ್ಕದಲ್ಲಿ ಹುಲಿಗಳು ಅಂತ ಹೊಗಳೋದೂ ಬೇಡ. ಗಣಿತ ಕಂಡರೆ ಓಡುವವರು ಅವರಲ್ಲೂ ಇದ್ದಾರೆ, ನಿಮ್ಮ ನನ್ನ ಹಾಗೇ.

ತೊಡಕು ಬರುವುದು ದೊಡ್ಡ ಲೆಕ್ಕದಲ್ಲಿ. ಅಷ್ಟೂ ಅಂಕಿ ನೆನಪಲ್ಲಿ ಹಿಡಿದಿಡುವುದು ಯಾರಿಗೂ ಕಷ್ಟ. ಬರೆದಿಡಲು ಏನಾದರೂ ಬೇಕು. ಸಿಡುಬಿನಿಂದ ವರ್ಷದ ಮಗುವಾಗಿದ್ದಾಗಲೇ ಕಣ್ಣು ಕಳೆದುಕೊಂಡ ನಿಕೋಲಸ್ ಸಾಂಡರ್ಸನ್ ಹಲಗೆಗೆ ಗುಂಡುಪಿನ್ನು ಚುಚ್ಚಿ ಲೆಕ್ಕ ಮಾಡುತ್ತಿದ್ದರು. 1711ರಲ್ಲಿ ಅವರು ಕೇಂಬ್ರಿಜ್‌ನಲ್ಲಿ ಗಣಿತದ ಪ್ರೊಫೆಸರ್ ಆದರು. ಬೆಳಕಿನ ಶಾಸ್ತ್ರವನ್ನೂ ಕಲಿಸಿದರು!

ನನ್ನ ಚೀಲದಲ್ಲಿರುವುದು ಟೇಲರ್ ಫ್ರೇಮ್. ಹಲಗೆಯ ತುಂಬ ಎಂಟು ಮೂಲೆಯ ತೂತುಗಳು, ಅದಕ್ಕೆ ಕೂರುವ ಪುಟ್ಟ ಸೀಸದ ಅಚ್ಚುಗಳು. ಅಚ್ಚಿನ ಒಂದು ತುದಿಯಲ್ಲಿ ಉಬ್ಬಿದ ಗೆರೆ, ಇನ್ನೊಂದರಲ್ಲಿ ಎರಡು ಮೊನೆ. ಯಾವ ತುದಿ ಮೇಲೆ, ಯಾವ ದಿಕ್ಕಿಗೆ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಎಂಟು ದಿಕ್ಕು, ಎರಡು ತುದಿ, 16 ಗುರುತು. ಹತ್ತು ಅಂಕಿಗೂ ಸಾಕು, ಕೂಡು ಕಳೆ ಚಿಹ್ನೆಗೂ ಸಾಕು. ಹುಡುಗ ಒಂದೇ ತಿಂಗಳಲ್ಲಿ ಹಿಡಿದುಕೊಂಡ.

ಶಾಲೆಯ ಮೇಷ್ಟ್ರಿಗೆ ನಾನು ಕೇಳಿಕೊಂಡದ್ದು ಒಂದೇ. ಬೋರ್ಡಿಗೆ ಕೈ ತೋರಿಸಿ "ಇದನ್ನ ಅದರಲ್ಲಿ ಕಳೀರಿ" ಅನ್ನಬೇಡಿ, ಅಂಕಿ ಬಾಯಲ್ಲಿ ಹೇಳಿ. ಈಗ ಹೇಳುತ್ತಾರೆ, ಮರೆತಾಗ ಪಕ್ಕದ ಬೆಂಚಿನ ಹುಡುಗಿ ಹೇಳುತ್ತಾಳೆ.

ನಾವೀಗ ಭಾಗಾಕಾರದಲ್ಲಿದ್ದೇವೆ. ಫ್ರೇಮಿನಲ್ಲಿ ಶೇಷ ಎಲ್ಲಿ ಇಡಬೇಕು ಅಂತ ಇಬ್ಬರಿಗೂ ಇನ್ನೂ ಜಗಳ. ಅವನು ಬಲಗಡೆ ತುದಿಗೆ ಅಂತಾನೆ, ನಾನು ಕೆಳಗಿನ ಸಾಲು ಅಂತೀನಿ. ಹೋದ ವಾರ ಅವನೇ ಗೆದ್ದ.