ಚಿನ್ನದ ಕಾಲಕ್ಕೆ ಹದಿನೇಳು ವರ್ಷ

1999ರ ಮೇ 26ರಂದು ಬಾರ್ಸಿಲೋನಾದ ಕ್ಯಾಂಪ್ ನೌ ಕ್ರೀಡಾಂಗಣದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಜರ್ಮನಿಯ ಬಯರ್ನ್ ಮ್ಯೂನಿಕ್ ಫುಟ್‌ಬಾಲ್ ತಂಡಗಳ ನಡುವೆ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಫೈನಲ್ ಶುರುವಾದಾಗ ಮೈಸೂರಿನಲ್ಲಿ ಮಧ್ಯರಾತ್ರಿ ಕಳೆದು ಕಾಲು ಗಂಟೆಯಾಗಿತ್ತು. ಆರನೇ ನಿಮಿಷದಲ್ಲಿ ಬಯರ್ನ್‌ನ ಮಾರಿಯೊ ಬಾಸ್ಲರ್ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದರು. ಅಲ್ಲಿಂದ ತೊಂಬತ್ತನೇ ನಿಮಿಷದವರೆಗೆ ಯುನೈಟೆಡ್ ಆಡಿದ್ದು ಹೇಳಿಕೊಳ್ಳುವಂಥ ಆಟವಲ್ಲ. ಬಯರ್ನ್‌ನವರ ಒಂದು ಹೊಡೆತ ಗೋಲುಕಂಬಕ್ಕೆ, ಇನ್ನೊಂದು ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ಅವುಗಳಲ್ಲಿ ಒಂದು ಒಳಗೆ ಹೋಗಿದ್ದರೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕೊನೆಗೆ ಇಂಜುರಿ ಟೈಮ್‌ನಲ್ಲಿ ಟೆಡ್ಡಿ ಶೆರಿಂಗ್‌ಹ್ಯಾಮ್ ಒಂದು ಗೋಲು, ಅದರ ಬೆನ್ನಿಗೇ ಓಲೆ ಗುನ್ನಾರ್ ಸೋಲ್‌ಷೇರ್ ಇನ್ನೊಂದು. ಯುನೈಟೆಡ್‌ಗೆ 2–1ರ ಗೆಲುವು.

ಸರಸ್ವತೀಪುರಂ, ಕುವೆಂಪುನಗರಗಳ ಮನೆಗಳಲ್ಲಿ ಹೆತ್ತವರಿಗೆ ಎಚ್ಚರವಾಗದಂತೆ ಟಿವಿಯ ಸದ್ದು ಅಡಗಿಸಿ ಆ ಪಂದ್ಯ ನೋಡಿದ ಹುಡುಗರು ಈಗ ನಲವತ್ತು ದಾಟಿದ್ದಾರೆ. ಅವರನ್ನು ಮಾತಿಗೆಳೆದರೆ ಆ ಕೊನೆಯ ಮೂರು ನಿಮಿಷವನ್ನೇ ಅರ್ಧ ಗಂಟೆ ಹೇಳುತ್ತಾರೆ. ಅದಕ್ಕೆ ಮುಂಚಿನ ತೊಂಬತ್ತು ನಿಮಿಷಗಳ ಪಾಲಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ಮಾತು ನಿಲ್ಲುವ ಜಾಗವೂ ಒಂದೇ: "ಅದು ತಂಡ ಅಂದರೆ! ಈಗಿನದೂ ಒಂದು ತಂಡವೇ?" ಪಿಂಚಣಿದಾರರ ಸ್ವರ್ಗವೆಂದು ಹೆಸರಾದ ಈ ಊರಿನಲ್ಲಿ ಹಿಂದಿನ ಕಾಲ ಚೆನ್ನಾಗಿತ್ತು ಎನ್ನುವ ಮಾತಿಗೆ ಯಾರೂ ಪುರಾವೆ ಕೇಳುವುದಿಲ್ಲ. ಕೇಳಬೇಕೆಂದೇ ಈ ಲೇಖನ.

ಮೂರು ನಿಮಿಷ ತೊಂಬತ್ತನ್ನು ನುಂಗಿಹಾಕುವುದು ಹೇಗೆ ಎನ್ನುವುದಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ. 1993ರಲ್ಲಿ ಮನೋವಿಜ್ಞಾನಿ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು ಒಂದು ತುಸು ಕ್ರೂರವಾದ ಪ್ರಯೋಗ ಮಾಡಿದರು. ಸ್ವಯಂಸೇವಕರು 14 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ 60 ಸೆಕೆಂಡು ಕೈ ಇಡಬೇಕು. ಇನ್ನೊಂದು ಸರದಿಯಲ್ಲಿ ಅದೇ 60 ಸೆಕೆಂಡು, ಅದರ ಮೇಲೆ ಇನ್ನೂ 30 ಸೆಕೆಂಡು. ಆದರೆ ಆ ಮೂವತ್ತರಲ್ಲಿ ನೀರನ್ನು ಮೆಲ್ಲನೆ ಒಂದು ಡಿಗ್ರಿಯಷ್ಟು ಬೆಚ್ಚಗೆ ಮಾಡಲಾಗುತ್ತದೆ. ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಉದ್ದನೆಯದನ್ನೇ ಆರಿಸಿಕೊಂಡರು. ಒಟ್ಟು ನೋವು ಅದರಲ್ಲಿ ಹೆಚ್ಚು, ಆದರೂ ಅದೇ ಬೇಕಂತೆ! ಅನುಭವದ ಉದ್ದವನ್ನು ನೆನಪು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅತ್ಯಂತ ತೀವ್ರವಾದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಡುತ್ತದೆ. ಆ ರಾತ್ರಿ ಇವೆರಡೂ ಒಂದೇ ಕಡೆ ಬಂದು ಕೂಡಿದವು.

ಆದರೆ ಇದು ಒಂದು ಪಂದ್ಯದ ವಿವರಣೆಯಾಯಿತು. ಇಡೀ ಒಂದು ಕಾಲವನ್ನೇ ಚಿನ್ನದ ಕಾಲವೆಂದು ಹಂಬಲಿಸುವುದೇಕೆ? ಇಂಗ್ಲೆಂಡಿನ ಅಭಿಮಾನಿಯನ್ನು ಕೇಳಿದರೆ ಅವನ ಬಳಿ ಕಾರಣಗಳ ಪಟ್ಟಿಯೇ ಇರುತ್ತದೆ. ಅಪ್ಪನ ಜೊತೆ ಮೈದಾನಕ್ಕೆ ನಡೆದು ಹೋಗುತ್ತಿದ್ದದ್ದು, ಅಗ್ಗದ ಟಿಕೆಟ್, ಪಕ್ಕದ ಬೀದಿಯಲ್ಲಿ ಬೆಳೆದ ಆಟಗಾರ, ನಿಂತುಕೊಂಡೇ ನೋಡುತ್ತಿದ್ದ ಮೆಟ್ಟಿಲು ಸಾಲು. ಅವೆಲ್ಲ ಹೋದವು, ಅದಕ್ಕೇ ಸಂಕಟ ಎನ್ನುತ್ತಾನೆ. ಕೇಳುವುದಕ್ಕೆ ಸರಿಯಾಗಿಯೇ ಇದೆ. ಮೈಸೂರಿನ ಅಭಿಮಾನಿ ಮುಖ್ಯನಾಗುವುದು ಇಲ್ಲಿ. ಅವನು ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್ ಮೈದಾನದ ಮೆಟ್ಟಿಲು ಹತ್ತಿದವನಲ್ಲ, ಟಿಕೆಟ್ ಕೊಂಡವನಲ್ಲ, ಆ ಊರಿನ ಮಳೆಯಲ್ಲಿ ನೆನೆದವನೂ ಅಲ್ಲ. ಅವನ ಅಪ್ಪನಿಗೆ ಗೊತ್ತಿದ್ದದ್ದು ಕ್ರಿಕೆಟ್ ಮಾತ್ರ. ಅವನ ಪಾಲಿಗೆ ಏನೂ ಕಳೆದುಹೋಗಿಲ್ಲ. ಅಂದೂ ಪರದೆಯ ಮೇಲೆ ನೋಡಿದ, ಇಂದೂ ಪರದೆಯ ಮೇಲೆ ನೋಡುತ್ತಾನೆ. ಇಂದಿನ ಪರದೆ ದೊಡ್ಡದು, ಚಿತ್ರ ಸ್ಪಷ್ಟ. ಆದರೂ ಹಳಹಳಿಕೆ ಮ್ಯಾಂಚೆಸ್ಟರಿನವನಷ್ಟೇ ಗಾಢ. ಯಾವ ಪ್ರಯೋಗಾಲಯವೂ ಏರ್ಪಡಿಸಲಾಗದ ಪ್ರಯೋಗವೊಂದು ತಾನಾಗಿಯೇ ನಡೆದಿದೆ: ಮೈದಾನ, ಊರು, ಮನೆತನ ಎಲ್ಲವನ್ನೂ ತೆಗೆದುಹಾಕಿದ ಮೇಲೂ ಹಂಬಲ ಉಳಿದರೆ, ಅದರ ಮೂಲವನ್ನು ಕ್ಲಬ್ಬಿನಲ್ಲಿ ಹುಡುಕುವುದಕ್ಕಿಂತ ಅಭಿಮಾನಿಯ ತಲೆಯೊಳಗೆ ಹುಡುಕುವುದು ಲೇಸು.

ಅಲ್ಲಿ ಹುಡುಕಿದವರೂ ಇದ್ದಾರೆ. ಸ್ಟೀವ್ ಯಾನ್ಸೆನ್, ಡೇವಿಡ್ ರೂಬಿನ್ ಮತ್ತು ಮಾರ್ಟಿನ್ ಕಾನ್ವೇ ಎಂಬ ಸ್ಮೃತಿ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 619 ಡಚ್ಚರಿಗೆ ಒಂದು ಪ್ರಶ್ನೆ ಹಾಕಿದ್ದರು: ಸಾರ್ವಕಾಲಿಕ ಶ್ರೇಷ್ಠ ಐವರು ಫುಟ್‌ಬಾಲ್ ಆಟಗಾರರು ಯಾರು? ಹೆಚ್ಚು ಮಂದಿ ಹೇಳಿದ್ದು ಯೋಹಾನ್ ಕ್ರೈಫ್, ಪೆಲೆ, ಮರಡೋನಾ ಹೆಸರುಗಳನ್ನು. ಹಾಲೆಂಡಿನವರು ಕ್ರೈಫ್ ಹೆಸರು ಹೇಳುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿದ್ದದ್ದು ಲೆಕ್ಕದಲ್ಲಿ. ಆರಿಸಿದ ಆಟಗಾರನ ವೃತ್ತಿಜೀವನದ ನಡುಗಾಲದಲ್ಲಿ ಆರಿಸಿದವನಿಗೆ ಎಷ್ಟು ವಯಸ್ಸಾಗಿತ್ತು ಎಂದು ಕಳೆದು ನೋಡಿದಾಗ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಸಂಖ್ಯೆ 17. ಜಗತ್ತಿನ ಶ್ರೇಷ್ಠ ಆಟಗಾರನನ್ನು ಹೆಸರಿಸುತ್ತಿದ್ದೇವೆ ಎಂದುಕೊಂಡವರಲ್ಲಿ ಬಹಳ ಮಂದಿ ತಮ್ಮ ಹರೆಯದ ವಿಳಾಸ ಹೇಳುತ್ತಿದ್ದರು.

ಹರೆಯಕ್ಕೆ ಈ ಪಕ್ಷಪಾತ ಹೊಸದೇನಲ್ಲ. ನಡುವಯಸ್ಸು ದಾಟಿದವರಿಗೆ ಬದುಕಿನ ಯಾವುದೇ ನೆನಪುಗಳನ್ನು ಹೇಳಿ ಎಂದು ಕೇಳಿ, ಅವನ್ನು ವಯಸ್ಸಿನ ಪ್ರಕಾರ ಜೋಡಿಸಿದರೆ ಸುಮಾರು ಹತ್ತರಿಂದ ಮೂವತ್ತರ ನಡುವೆ ಒಂದು ದಿಬ್ಬ ಎದ್ದು ಕಾಣುತ್ತದೆ ಎಂಬುದನ್ನು ರೂಬಿನ್ ಮತ್ತು ಸಂಗಡಿಗರು 1986ರಲ್ಲೇ ತೋರಿಸಿದ್ದರು. ಯಾಕೆ ಎನ್ನುವುದಕ್ಕೆ ವಿವರಣೆಗಳು ಒಂದಕ್ಕಿಂತ ಹೆಚ್ಚು. ಮೊದಲ ಸಲದ ಅನುಭವಗಳು ಆ ವಯಸ್ಸಿನಲ್ಲಿ ಗುಂಪುಗುಂಪಾಗಿ ಬರುತ್ತವೆ, ಮೊದಲನೆಯದನ್ನು ಮಿದುಳು ಆಳವಾಗಿ ಬರೆದುಕೊಳ್ಳುತ್ತದೆ ಎನ್ನುವುದು ಒಂದು. ತಾನು ಯಾರು ಎನ್ನುವುದನ್ನು ಮನುಷ್ಯ ತೀರ್ಮಾನಿಸಿಕೊಳ್ಳುವ ಕಾಲ ಅದು, ಆಗ ಹಿಡಿದುಕೊಂಡದ್ದು ಕೊನೆಯವರೆಗೂ 'ನಾನು' ಎನ್ನುವುದರ ಭಾಗವಾಗಿಬಿಡುತ್ತದೆ ಎನ್ನುವುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಕ್ಲಬ್ಬನ್ನು ಆರಿಸಿಕೊಳ್ಳುವುದೆಂದರೆ ಹುಡುಗರಿಗೆ ಗೆಳೆಯರ ಗುಂಪಿನಲ್ಲಿ ಒಂದು ಪಕ್ಷ ಹಿಡಿಯುವುದು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಆರ್ಸೆನಲ್‌ನವನ ಎದುರು ಯುನೈಟೆಡ್‌ನವನಾಗಿ ನಿಲ್ಲುವುದು.

ಹರೆಯದ ಕಾಲ ಆಳವಾಗಿ ಉಳಿಯುತ್ತದೆ ಸರಿ, ಆದರೆ ಚೆನ್ನಾಗಿತ್ತು ಎಂದೇ ಏಕೆ ಉಳಿಯಬೇಕು? ಮೂರು ಪ್ರಶಸ್ತಿ ಬಂದ ಆ 1998–99ರ ಋತುವಿನ ಲೀಗ್‌ನಲ್ಲಿ ಯುನೈಟೆಡ್ ಆಡಿದ 38 ಪಂದ್ಯಗಳಲ್ಲಿ ಗೆದ್ದದ್ದು 22, ಡ್ರಾ ಆದದ್ದು 13, ಸೋತದ್ದು 3. ಅಂದರೆ ಐದರಲ್ಲಿ ಎರಡು ಸಲ ಅಭಿಮಾನಿ ಗೆಲುವಿಲ್ಲದೆ ಮಲಗಿದ್ದಾನೆ. ಒಂದೂ ಸೋಲದ ಆರ್ಸೆನಲ್ ಎಂದು ಇಂದಿಗೂ ಕೊಂಡಾಡುವ 2003–04ರ ತಂಡ 12 ಪಂದ್ಯ ಡ್ರಾ ಮಾಡಿಕೊಂಡಿತ್ತು; ಸೋಲದಿದ್ದದ್ದು ಲೀಗ್‌ನಲ್ಲಿ ಮಾತ್ರ, ಅದೇ ವರ್ಷ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಚೆಲ್ಸಿಯ ಕೈಲಿ ಸೋತು ಹೊರಬಿದ್ದಿತ್ತು. ಆ ಡ್ರಾಗಳೆಲ್ಲ ಎಲ್ಲಿ ಹೋದವು?

ಅಹಿತಕರ ಘಟನೆಯೊಂದಿಗೆ ಅಂಟಿಕೊಂಡ ಭಾವನೆ, ಹಿತಕರ ಘಟನೆಯ ಭಾವನೆಗಿಂತ ಬೇಗ ಮಾಸುತ್ತದೆ ಎಂಬುದು ಮನೋವಿಜ್ಞಾನದಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ. ಅದರ ಜೊತೆಗೆ ಹೇಳಿಕೊಳ್ಳುವ ಚಾಳಿಯೂ ಸೇರುತ್ತದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಮತ್ತು ಬಾಸ್ಟನ್ ರೆಡ್ ಸಾಕ್ಸ್ ಬದ್ಧ ವೈರಿಗಳು. ನಿರ್ಣಾಯಕ ಪಂದ್ಯವನ್ನು 2003ರಲ್ಲಿ ಯಾಂಕೀಸ್ ಗೆದ್ದರೆ, 2004ರಲ್ಲಿ ರೆಡ್ ಸಾಕ್ಸ್ ಗೆದ್ದಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಅಭಿಮಾನಿಗಳನ್ನು ವರ್ಷಗಳ ಮೇಲೆ ಪರೀಕ್ಷಿಸಿದಾಗ, ತಮ್ಮ ತಂಡ ಗೆದ್ದ ಪಂದ್ಯದ ವಿವರಗಳನ್ನು ಎರಡೂ ಕಡೆಯವರು ಹೆಚ್ಚು ಸರಿಯಾಗಿ ಹೇಳಿದರು. ಗೆದ್ದದ್ದನ್ನು ಹತ್ತು ಜನರಿಗೆ ಹತ್ತು ಸಲ ಹೇಳುತ್ತೇವೆ, ಮತ್ತೆ ಮತ್ತೆ ನೋಡುತ್ತೇವೆ, ಅದು ಗಟ್ಟಿಯಾಗುತ್ತದೆ. ಸೋತದ್ದರ ಮಾತೆತ್ತಿದರೆ ಚಹಾ ತಣ್ಣಗಾಯಿತು ಎಂದು ಎದ್ದುಹೋಗುತ್ತೇವೆ.

ಇನ್ನೊಂದು ಪ್ರಯೋಗ, ರೈಲಿನದು, ಇದಕ್ಕಿಂತ ಚುರುಕಾಗಿದೆ. 2005ರಲ್ಲಿ ಕ್ಯಾರಿ ಮೋರ್‌ವೆಜ್ ಮತ್ತು ಸಂಗಡಿಗರು ಪ್ರಯಾಣಿಕರಲ್ಲಿ ಕೆಲವರಿಗೆ, ನಿಮಗೆ ರೈಲು ತಪ್ಪಿದ ಯಾವುದಾದರೂ ಒಂದು ಸಂದರ್ಭ ಹೇಳಿ ಎಂದರು. ಇನ್ನು ಕೆಲವರಿಗೆ, ಎಲ್ಲಕ್ಕಿಂತ ಕೆಟ್ಟ ಸಂದರ್ಭವನ್ನೇ ಹೇಳಿ ಎಂದರು. ಎರಡೂ ಗುಂಪಿನವರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಟ್ಟದ ಕೆಟ್ಟ ಘಟನೆಗಳನ್ನು. ಬೆಂಗಳೂರಿಗೆ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಯಾವುದಾದರೂ ಒಂದು' ಎಂದು ಕೇಳಿದರೆ ನೆನಪು ಸಾಮಾನ್ಯವಾದದ್ದನ್ನು ಕೊಡುವುದಿಲ್ಲ, ಅಸಾಮಾನ್ಯವಾದದ್ದನ್ನು ತಂದಿಡುತ್ತದೆ. ಹಳೆಯ ಯುನೈಟೆಡ್ ಎಂದೊಡನೆ ಕ್ಯಾಂಪ್ ನೌ ಕಣ್ಣಮುಂದೆ ಬರುವುದು ಹೀಗೆ. ಈಗಿನ ಯುನೈಟೆಡ್ ಎಂದರೆ ಮಾತ್ರ ಕಳೆದ ಶನಿವಾರದ ಪೂರ್ತಿ ಪಂದ್ಯ, ಅದರ ಎಲ್ಲ ಬೇಸರದೊಂದಿಗೆ. ಭೂತಕಾಲದ ಅತ್ಯುತ್ತಮವನ್ನು ವರ್ತಮಾನದ ಸರಾಸರಿಯೊಂದಿಗೆ ತೂಗಿದರೆ ತಕ್ಕಡಿ ಯಾವ ಕಡೆ ಬಾಗುತ್ತದೆ ಎಂದು ಕೇಳುವುದೇ ಬೇಡ.

ದೂರದ ಕ್ಲಬ್ಬನ್ನು 'ನಮ್ಮದು' ಎನ್ನುವುದು ಸಂಶೋಧಕರ ಕಣ್ಣಿಗೆ ಬಿದ್ದು ಬಹಳ ಕಾಲವಾಯಿತು. 1976ರಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಗಮನಿಸಿದ್ದೇನೆಂದರೆ, ತಮ್ಮ ತಂಡ ಗೆದ್ದ ವಾರಾಂತ್ಯದ ನಂತರದ ಸೋಮವಾರ ವಿಶ್ವವಿದ್ಯಾಲಯದ ಹೆಸರಿರುವ ಅಂಗಿ ತೊಟ್ಟವರು ಹೆಚ್ಚು. ಗೆದ್ದಾಗ 'ನಾವು ಗೆದ್ದೆವು', ಸೋತಾಗ 'ಅವರು ಸೋತರು'. ನಮ್ಮೂರಿಗೆ ಇದರ ಉದಾಹರಣೆ ಬೇಕಾದರೆ ರಾಜ್ಯ ತಂಡಗಳು ಸೆಣಸುವ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯ ದಾಖಲೆ ತೆರೆಯಬೇಕು. 1946–47, 1952–53, 1967–68, 1968–69, ನಾಲ್ಕು ಸಲ ವಿಜೇತರ ಸ್ಥಾನದಲ್ಲಿ 'ಮೈಸೂರು' ಎಂದಿದೆ. ಅದು ರಾಜ್ಯದ ಹೆಸರು. ಆಟಗಾರರಲ್ಲಿ ಹೆಚ್ಚಿನವರನ್ನು ಬೆಳೆಸಿದ್ದು ಬೆಂಗಳೂರು ದಂಡು ಪ್ರದೇಶದ ಬೀದಿಗಳು. ಆದರೂ ಮಹಾರಾಜ ಕಾಲೇಜು ಮೈದಾನದ ಅಂಚಿನಲ್ಲಿ ಕೂತು ಆ ಹೆಸರನ್ನು ಓದುವ ಮೈಸೂರಿಗನ ಎದೆ ಉಬ್ಬದಿರುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಆ ಮೈಸೂರು ತಂಡದವರೇ. ನಮ್ಮವರು ಬಹುತೇಕ ಬರಿಗಾಲಿನಲ್ಲಿ ಆಡಿ ಫ್ರಾನ್ಸ್ ಎದುರು 2–1ರಿಂದ ಸೋತ ಕಥೆ ಎಲ್ಲರ ಬಾಯಲ್ಲೂ ಇದೆ. ಅದೇ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿ ಕೈಚೆಲ್ಲಿತು ಎನ್ನುವುದು ಕಥೆಯಿಂದ ಮೆಲ್ಲಗೆ ಜಾರಿಹೋಗಿದೆ.

ಹಾಗಾದರೆ ಈ ಹಂಬಲ ಒಂದು ಕಾಯಿಲೆಯೇ? 1688ರಲ್ಲಿ ಇದಕ್ಕೆ 'ನಾಸ್ಟಾಲ್ಜಿಯಾ' ಎಂದು ವೈದ್ಯಶಾಸ್ತ್ರದ ಹೆಸರಿಟ್ಟ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವಿದ್ಯಾರ್ಥಿ ಹೌದೆಂದೇ ನಂಬಿದ್ದ. ಊರು ಬಿಟ್ಟವರು ಕೊರಗಿ ಕೃಶರಾಗುತ್ತಾರೆ ಎಂದು ಬರೆದ. ಈಗಿನವರ ಅಭಿಪ್ರಾಯ ಪೂರ್ತಿ ಬೇರೆ. ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವಿಲ್ಡ್‌ಶಟ್, ಕಾನ್‌ಸ್ಟಂಟೈನ್ ಸೆಡಿಕಿಡೀಸ್ ಮೊದಲಾದವರು 2006ರಿಂದೀಚೆಗೆ ತೋರಿಸಿರುವಂತೆ, ಮನಸ್ಸು ಕುಗ್ಗಿದಾಗ, ಒಂಟಿತನ ಕಾಡಿದಾಗ ಹಳಹಳಿಕೆ ತಲೆ ಎತ್ತುತ್ತದೆ. ಹಳೆಯದನ್ನು ನೆನೆದ ಮೇಲೆ ಜನ ತಮ್ಮವರಿಗೆ ಹತ್ತಿರವಾದಂತೆ, ತಮ್ಮ ಬಗ್ಗೆ ತಮಗೇ ಗೌರವ ಹೆಚ್ಚಿದಂತೆ ಭಾವಿಸುತ್ತಾರೆ. ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸುವ ಕೆಲಸ ಅದರದು. ತಂಡದ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ 2013ರಲ್ಲಿ ಹದಿಮೂರನೇ ಲೀಗ್ ಪ್ರಶಸ್ತಿಯೊಂದಿಗೆ ನಿವೃತ್ತರಾದ ಮೇಲೆ ಯುನೈಟೆಡ್‌ಗೆ ಆ ಪ್ರಶಸ್ತಿ ಒಲಿದಿಲ್ಲ. ಅಭಿಮಾನಿಯೂ ಅದೇ ಹೊತ್ತಿಗೆ ಗೃಹಸಾಲ, ಮಕ್ಕಳ ಶಾಲಾ ಶುಲ್ಕಗಳ ವಯಸ್ಸಿಗೆ ಬಂದಿದ್ದಾನೆ. ಬಸ್ಸಿನಲ್ಲಿ ಜೊತೆಗಿದ್ದವರಲ್ಲಿ ಒಬ್ಬ ದುಬೈನಲ್ಲಿ, ಇನ್ನೊಬ್ಬ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ. ಎರಡು ಕೊರತೆಗಳಿಗೆ 1999 ಒಂದೇ ಮದ್ದು.

ಮದ್ದಿಗೆ ಅಡ್ಡ ಪರಿಣಾಮವೂ ಉಂಟು. ಇಂಗ್ಲಿಷ್ ಫುಟ್‌ಬಾಲಿನ ಹಳೆಯ ಕಾಲವೇ ನಿಜವಾದ ಕಾಲ ಎನ್ನುವವರು 1985ರಲ್ಲಿ ಬ್ರಾಡ್‌ಫರ್ಡ್ ಮೈದಾನದ ಮರದ ಅಟ್ಟಣೆಗೆ ಬೆಂಕಿ ಬಿದ್ದು 56 ಜನ ಸತ್ತದ್ದನ್ನು, 1989ರ ಹಿಲ್ಸ್‌ಬರೊ ನೂಕುನುಗ್ಗಲಿನಲ್ಲಿ 97 ಜೀವ ಹೋದದ್ದನ್ನು ಆ ಕಾಲದ ಲೆಕ್ಕಕ್ಕೇ ಬರೆಯಬೇಕು. ನಿಂತು ನೋಡುವ ಮೆಟ್ಟಿಲುಗಳು ದೊಡ್ಡ ಕ್ರೀಡಾಂಗಣಗಳಿಂದ ಹೋದದ್ದು ಆ ಸಾವುಗಳ ನಂತರ. ಟಿಕೆಟ್ ದುಬಾರಿಯಾದದ್ದೂ ನಿಜ, ಹಣ ಆಟವನ್ನು ಆಳುತ್ತಿರುವುದೂ ನಿಜ. ಆ ದೂರುಗಳನ್ನೆಲ್ಲ ನೆನಪಿನ ಭ್ರಮೆ ಎಂದು ತಳ್ಳಿಹಾಕುವುದು ಅನ್ಯಾಯ.

ಇನ್ನು ತಾವು ಹುಟ್ಟುವ ಮೊದಲಿನ ಕಾಲಕ್ಕೆ ಹಂಬಲಿಸುವ ಹುಡುಗರ ಕಥೆ ಬೇರೆಯೇ. ಮೊಬೈಲಿನಲ್ಲಿ ಸೋಲ್‌ಷೇರ್ ಗೋಲನ್ನು ನೋಡಿ ನೋಡಿ ಅಲ್ಲೇ ಇದ್ದವರಂತೆ ವರ್ಣಿಸುತ್ತಾರೆ. ನೆನಪು ಮತ್ತು ಕಲ್ಪನೆ ಮಿದುಳಿನಲ್ಲಿ ಬಹುಮಟ್ಟಿಗೆ ಒಂದೇ ಜಾಲವನ್ನು ಬಳಸುತ್ತವೆ. 2007ರಲ್ಲಿ ಡೆಮಿಸ್ ಹಸಾಬಿಸ್ ಮತ್ತು ಸಂಗಡಿಗರು, ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಹಾನಿಯಾಗಿ ನೆನಪು ಕಳೆದುಕೊಂಡ ರೋಗಿಗಳಲ್ಲಿ ಬಹುತೇಕರಿಗೆ ಹೊಸ ದೃಶ್ಯವೊಂದನ್ನು ಕಲ್ಪಿಸಿಕೊಳ್ಳುವುದೂ ಕಷ್ಟ ಎಂದು ತೋರಿಸಿದರು. (ಇದೇ ಹಸಾಬಿಸ್ 2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡದ್ದು ಮಾತ್ರ ಪ್ರೋಟೀನುಗಳ ಕೆಲಸಕ್ಕೆ.) ಕಾಣದ ಪಂದ್ಯವನ್ನು ಕಟ್ಟಿಕೊಳ್ಳುವ ಯಂತ್ರವೂ ಕಂಡ ಪಂದ್ಯವನ್ನು ನೆನೆಯುವ ಯಂತ್ರವೂ ಒಂದೇ ಆದ್ದರಿಂದ ಹುಡುಗರ ಹಂಬಲವನ್ನು ಸುಳ್ಳೆಂದು ಗದರುವಂತಿಲ್ಲ.

ಹದಿನೇಳರ ಲೆಕ್ಕವನ್ನು ಪರೀಕ್ಷಿಸಲು ಇಂಗ್ಲೆಂಡಿಗೆ ಹೋಗಬೇಕಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಗೆ ಒಂದು ದಶಕ ತುಂಬುವ ಹೊತ್ತಿಗೇ, ಮೊದಲ ಋತುವಿನಲ್ಲೇ ದೇಶದ ಆಗಿನ ಅಗ್ರ ಲೀಗ್ ಆದ ಐ-ಲೀಗ್ ಗೆದ್ದ ಆ ಹಳೆಯ ತಂಡದ ಗುಣಗಾನ ಮಾಡುವವರು ಹುಟ್ಟಿಕೊಂಡಿದ್ದರು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. 1969ರಲ್ಲಿ ಹದಿನೇಳಾಗಿದ್ದವರಿಗೆ ಅಂದು ಎಪ್ಪತ್ತೊಂದು. ಅಂಥ ಹಿರಿಯರೊಬ್ಬರನ್ನು ಹಿಡಿದು ಯಾವ ತಂಡ ಮೇಲು ಎಂದು ಕೇಳಿದರೆ ಉತ್ತರ ಊಹಿಸಬಹುದು. ಅಂದು ನಾವು ಸೋಲಿಸಿದ್ದು ಬಂಗಾಳವನ್ನು, ಇವರು ಸೋಲಿಸಿದ್ದು ಯಾರನ್ನು ಎಂಬ ಮರುಪ್ರಶ್ನೆಯೂ ಬರುತ್ತದೆ. ಬಂಗಾಳ ಆ ಟ್ರೋಫಿಯನ್ನು ಮೂವತ್ತಕ್ಕೂ ಹೆಚ್ಚು ಸಲ ಗೆದ್ದ ರಾಜ್ಯ. ಹಾಗಾಗಿ ಅವರೊಡನೆ ವಾದಕ್ಕಿಳಿಯುವ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು.